ಪೊನ್ನುತಾಯಿ ದಾಟಿಬಿಟ್ಟ ಬಾಗಿಲು

ಪೊನ್ನುತಾಯಿಯನ್ನು ನಾನು ಮೊದಲು ಕಂಡದ್ದು ೧೯೯೭ರ ಜುಲೈ ತಿಂಗಳ ಒಂದು ಬುಧವಾರ, ದಿಂಡಿಗಲ್ಲಿನ ಆಸ್ಪತ್ರೆಯೊಂದರ ಜಗಲಿಯಲ್ಲಿ. ಒಂದು ಟ್ರಸ್ಟಿನವರು ಮನಸ್ಸಿನ ಕಾಯಿಲೆಗೆಂದೇ ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ಚಿನ್ನಮನೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದ ಮೇಲೆ ನಾನು ದಿಂಡಿಗಲ್ಲಿನಲ್ಲಿದ್ದ ಮಗಳ ಮನೆಗೆ ಬಂದಿದ್ದೆ. ವಾರಕ್ಕೆರಡು ದಿನ ಆ ಜಗಲಿಯಲ್ಲಿ ಮೇಜು ಹಾಕಿಕೊಂಡು, ಬಂದವರ ಹೆಸರು, ಊರು, ವಯಸ್ಸು ಕೇಳಿ ಚೀಟಿ ಬರೆದುಕೊಡುತ್ತಿದ್ದೆ. ಸಂಬಳದ ಕೆಲಸವಲ್ಲ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಒಪ್ಪಿಕೊಂಡದ್ದು.

ಸುಮಾರು ನಲವತ್ತು ವರ್ಷದ ಹೆಂಗಸು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ, ಒಗೆದು ಒಗೆದು ಬಣ್ಣ ಹೋದ ಹಸಿರು ಸೀರೆ. ಇಪ್ಪತ್ತೈದರ ಗಂಡಸೊಬ್ಬನ ಮಣಿಕಟ್ಟನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದಳು. ರಸ್ತೆ ದಾಟುವಾಗ ಮಗುವನ್ನು ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಅವನು ಡ್ರೈವರುಗಳು ತೊಡುವ ಖಾಕಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು ನೆಲ ನೋಡುತ್ತಿದ್ದ. ಡಾಕ್ಟರ ಕೋಣೆ ಯಾವುದೆಂದು ಅವಳು ನನ್ನನ್ನು ತಮಿಳಿನಲ್ಲಿ ಕೇಳಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಅವನಿಗೆ ಹೇಳಿದಳು:

"ಕುಂತ್ಕೋ ತಂಬಿ. ಎಲ್ಲೂ ಎದ್ದು ಹೋಗ್ಬ್ಯಾಡ."

ನನ್ನ ಪೆನ್ನು ನಿಂತಿತು. ಅದು ನಮ್ಮ ಮನೆಮಾತು. ತಮಿಳುನಾಡಿನ ಕಂಬಂ ಕಣಿವೆಯ ನಮ್ಮ ಒಕ್ಕಲು ಮನೆಗಳಲ್ಲಿ ನೂರಾರು ವರ್ಷಗಳಿಂದ ಉಳಿದುಕೊಂಡು ಬಂದಿರುವ ಕನ್ನಡ. ಬಾಗಿಲು ದಾಟಿದರೆ ನಾವೆಲ್ಲರೂ ತಮಿಳರೇ. ದಿಂಡಿಗಲ್ಲಿಗೆ ಬಂದ ಮೇಲೆ ಹೊರಗಿನವರ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಯಾವ ಊರಮ್ಮ ಎಂದು ಅದೇ ಮಾತಿನಲ್ಲಿ ಕೇಳಿದೆ. ಅವಳ ಮುಖ ಸಡಿಲವಾಯಿತು.

"ಬೋಡಿ. ನೀವು ನಮ್ಮೋರಾ? ಅಂಗಾದ್ರೆ ಸರಿ ಬಿಡಿ, ಶಾಮಿ ನಮ್ಮನ್ನ ಸರಿಯಾದ ಕಡೆಗೇ ಕರ್ಕೊಂಡ್ ಬಂದವ್ನೆ."

ಬೋಡಿ ಎಂದರೆ ಬೋಡಿನಾಯಕನೂರು. ಅಲ್ಲಿಂದ ತೇನಿ, ಅಲ್ಲಿಂದ ಬತ್ತಲಗುಂಡು, ಅಲ್ಲಿಂದ ದಿಂಡಿಗಲ್, ಮೂರು ಬಸ್ಸು ಬದಲಿಸಿ ಬಂದಿದ್ದರು. ತಮ್ಮನ ಹೆಸರು ವೇಲು. ವಯಸ್ಸು ಬರೆದುಕೊಂಡು, ಕಾಯಿಲೆ ಯಾವಾಗಿನಿಂದ ಎಂದು ಕೇಳಿದೆ. ಆ ಮೇಜಿನ ಬಳಿ ಅಷ್ಟು ಹೇಳಿದರೆ ಸಾಕಾಗಿತ್ತು. ಆದರೆ ಮನೆಮಾತು ಸಿಕ್ಕಿದ್ದರಿಂದಲೋ ಏನೋ, ಅವಳು ಎಲ್ಲವನ್ನೂ ಹೇಳಿದಳು.

ವೇಲುವಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗ ತಾನೇ ಮದುವೆಯಾಗಿದ್ದ ಪೊನ್ನುತಾಯಿ ತಮ್ಮನನ್ನು ಗಂಡನ ಮನೆಗೆ ಕರೆದುಕೊಂಡು ಹೋದಳು. ಅವರು ಅವನನ್ನು ಇರಿಸಿಕೊಳ್ಳಲು ಒಪ್ಪಲಿಲ್ಲ. ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೋಡಿಗೆ ಹಿಂದಿರುಗಿದವಳು ಮತ್ತೆ ಆ ಮನೆಯ ಕಡೆ ಹೋಗಲಿಲ್ಲ. ಏಲಕ್ಕಿ ಮಂಡಿಯೊಂದರಲ್ಲಿ ಕಾಯಿ ಆಯುವ ಕೆಲಸಕ್ಕೆ ಸೇರಿ ತಮ್ಮನನ್ನು ಬೆಳೆಸಿದಳು. ಅವನು ಜೀಪು ಓಡಿಸಲು ಕಲಿತ. ಬೆಳಗಿನ ಜಾವ ಬೋಡಿಯಿಂದ ಕೂಲಿ ಹೆಂಗಸರನ್ನು ತುಂಬಿಕೊಂಡು ಘಟ್ಟ ಹತ್ತಿ ಕೇರಳದ ಕಡೆಯ ತೋಟಗಳಿಗೆ ಬಿಟ್ಟು, ಸಂಜೆ ಕರೆತರುವ ಜೀಪುಗಳಿವೆಯಲ್ಲ, ಅಂಥದ್ದು. ಅವನ ಕೈ ಒಳ್ಳೆಯ ಕೈ ಎಂದು ಹೆಸರಾಯಿತು. ಮಳೆಯ ದಿನಗಳಲ್ಲಿ ಹೆಂಗಸರು ಬೇರೆ ಜೀಪನ್ನು ಬಿಟ್ಟು ಅವನ ಜೀಪಿಗೇ ಕಾಯುತ್ತಿದ್ದರಂತೆ.

೧೯೯೬ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ, ಹದಿನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಘಟ್ಟ ಹತ್ತುತ್ತಿದ್ದವನು ಒಂಬತ್ತನೆಯ ತಿರುವಿನಲ್ಲಿ ಜೀಪು ನಿಲ್ಲಿಸಿದ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ರಸ್ತೆಯಂಚಿನ ಕಟ್ಟೆಯ ಬಳಿಗೆ ಹೋಗಿ ಕೆಳಗಿನ ಕಣಿವೆಯ ಕಡೆಗೆ ಬಾಗಿ ಯಾರೊಂದಿಗೋ ಮಾತನಾಡತೊಡಗಿದ. ಹೆಂಗಸರು ಮೊದಲು ನಕ್ಕರು. ಅರ್ಧ ಗಂಟೆಯಾದ ಮೇಲೆ ಒಬ್ಬಳು ಅತ್ತಳು. ಕೆಳಗಿನಿಂದ ಯಾರೋ ತನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ, ಉತ್ತರ ಕೊಡದೆ ಹೋದರೆ ತಪ್ಪಾಗುತ್ತದೆ ಎಂದು ಅವನು ಹೇಳಿದನಂತೆ.

ಆ ಮೇಲೆ ನಮ್ಮ ಕಡೆ ಎಲ್ಲರೂ ತುಳಿಯುವ ದಾರಿಯನ್ನೇ ಪೊನ್ನುತಾಯಿಯೂ ತುಳಿದಳು. ಬತ್ತಲಗುಂಡಿನ ಆಚೆ ಉಡುಕ್ಕೆ ಎಂಬ ಕೈಡಮರು ಬಾರಿಸಿ ಕಣಿ ಹೇಳುವವನು, ನಮ್ಮ ಕಡೆ ಕೋಡಾಂಗಿ ಎನ್ನುತ್ತೇವೆ, ತಿರುವಿನಲ್ಲಿ ಸತ್ತ ಹೆಣ್ಣೊಬ್ಬಳು ಹಿಡಿದಿದ್ದಾಳೆ ಎಂದ. ಹರಕೆ ತೀರಿಸಿದ್ದಾಯಿತು. ತೇನಿಯಲ್ಲಿ ಡಾಕ್ಟರೆಂದು ಹೇಳಿಕೊಳ್ಳುತ್ತಿದ್ದ ಕಾಂಪೌಂಡರನೊಬ್ಬ ಸೂಜಿ ಚುಚ್ಚಿದ. ಎರಡು ದಿನ ಮಲಗಿದ ವೇಲು ಮೂರನೆಯ ದಿನ ಎದ್ದು ಮತ್ತೆ ಗೋಡೆಯೊಂದಿಗೆ ಮಾತನಾಡಿದ. ಕೊನೆಗೆ ಮಂಡಿಯ ಗುಮಾಸ್ತನೊಬ್ಬ ದಿಂಡಿಗಲ್ಲಿನ ಈ ಆಸ್ಪತ್ರೆಯ ಹೆಸರು ಹೇಳಿದ್ದ.

ಆ ಜಗಲಿಗೆ ಸಾಲಾಗಿ ನಾಲ್ಕು ಬಾಗಿಲುಗಳಿದ್ದವು. ಒಂದೊಂದು ಬಾಗಿಲಿನ ಚೀಟಿಗಳೂ ನನ್ನ ಮೇಜಿನ ಮೇಲೆ ಒಂದೊಂದು ಕಟ್ಟಾಗಿರುತ್ತಿದ್ದವು. ಹೊಸಬರಿಗೆ ಅವುಗಳನ್ನು ವಿವರಿಸುವುದೂ ನನ್ನ ಕೆಲಸವೇ. ಮೊದಲನೆಯ ಕೋಣೆಯಲ್ಲಿ ಜೆಯರಾಜ್, ಸಮಾಜ ಕಾರ್ಯಕರ್ತ. ಕಾಯಿಲೆಯವನ ಮನೆ, ಕೆಲಸ, ಸುತ್ತಲಿನವರು ಇವನ್ನೆಲ್ಲ ವಿಚಾರಿಸುತ್ತಾರೆ, ಬೇಕಾದರೆ ಊರಿಗೇ ಬಂದು ನೋಡುತ್ತಾರೆ, ಮಾಡಬಲ್ಲ ಕೆಲಸ ಹುಡುಕಿಕೊಡುತ್ತಾರೆ. ಎರಡನೆಯದರಲ್ಲಿ ಜೆಯಂತಿ ಮೇಡಂ, ಮನಶ್ಶಾಸ್ತ್ರಜ್ಞೆ. ಅವರು ಔಷಧಿ ಬರೆಯುವುದಿಲ್ಲ. ಕಾಯಿಲೆಯವನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತನಾಡಿಸುತ್ತಾರೆ, ಕೆಲವು ಪರೀಕ್ಷೆ ಮಾಡುತ್ತಾರೆ, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಲು ದಾರಿ ಮಾಡುತ್ತಾರೆ. ಮೂರನೆಯದರಲ್ಲಿ ಡಾಕ್ಟರ್ ಪ್ರಭಾಕರನ್, ಮನೋವೈದ್ಯರು. ವೈದ್ಯಕೀಯ ಓದಿ, ಅದರ ಮೇಲೆ ಮನಸ್ಸಿನ ರೋಗಗಳನ್ನೇ ಓದಿದವರು. ಇಂಥ ಕಾಯಿಲೆ ಎಂದು ನಿರ್ಧರಿಸಿ ಔಷಧಿ ಬರೆಯುವವರು ಅವರು. ನಾಲ್ಕನೆಯದರಲ್ಲಿ ನರ್ಸ್ ಅಮುದಾ. ಮಾತ್ರೆ ಕೊಟ್ಟು, ಯಾವುದು ಏತಕ್ಕೆ, ಹೇಗೆ ನುಂಗಬೇಕು, ಏನಾದರೆ ಹೆದರಬಾರದು ಎಂದು ತಿಳಿಸುವವಳು.

ಪಾಠ ಮಾಡುವವನಂತೆ ನಿಧಾನವಾಗಿ ಹೇಳಿದೆ. ಪೊನ್ನುತಾಯಿ ಗಮನವಿಟ್ಟು ಕೇಳಿ, ಬಾಗಿಲುಗಳನ್ನು ಒಂದೊಂದಾಗಿ ನೋಡಿದಳು.

"ಅಂಗಾರೆ ಮೂರನೇ ರೂಮಿನೋರು ಎಂಟು ಮಿಲ್ಲಿ. ಮಿಕ್ಕೋರು ಜರಡಿಯಿಂದ ಕೆಳಗೆ ಬಿದ್ದೋರು."

ನಾನು ನಕ್ಕೆ. ಏಲಕ್ಕಿಯನ್ನು ಗಾತ್ರದ ಮೇಲೆ ಬೇರೆ ಮಾಡುತ್ತಾರೆ. ಎಂಟು ಮಿಲ್ಲಿಮೀಟರಿನ ಜರಡಿಯ ಮೇಲೆ ನಿಲ್ಲುವ ದಪ್ಪ ಹಸಿರು ಕಾಯಿ ಮೊದಲ ದರ್ಜೆ. ಕೆಳಗೆ ಬಿದ್ದದ್ದು ಎರಡನೆಯದು, ಮೂರನೆಯದು. ಒಡೆದದ್ದು, ಜಳ್ಳು ಕೊನೆಗೆ. ಇಪ್ಪತ್ತು ವರ್ಷ ಮೊರದ ಮುಂದೆ ಕೂತವಳು ಹೀಗೆ ಹೇಳಿದ್ದು ನನಗೆ ಚಮತ್ಕಾರವಾಗಿ ಕಂಡಿತು. ಹಾಗಲ್ಲಮ್ಮ ಎಂದು ತಿದ್ದಬೇಕೆನ್ನಿಸಲಿಲ್ಲ. ನಲವತ್ತು ಜನ ಸಾಲಿನಲ್ಲಿದ್ದರು.

ಅಂದು ಅವರು ನಾಲ್ಕೂ ಬಾಗಿಲಿಗೆ ಹೋದರು. ಮೊದಲ ಬಾರಿ ಬಂದವರಿಗೆ ಅದು ಕಡ್ಡಾಯ. ಜೆಯರಾಜ್ ಕೋಣೆಯಲ್ಲಿ ಎಲ್ಲದಕ್ಕೂ ಅಕ್ಕನೇ ಉತ್ತರ ಕೊಟ್ಟಳು. ಜೆಯಂತಿ ಮೇಡಂ ಮಾತ್ರ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ಪೊನ್ನುತಾಯಿ ಆ ಬಾಗಿಲನ್ನು ನೋಡುತ್ತ ನಿಂತಿದ್ದಳು. ವೇಲು ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಕೆನ್ನೆ ಒದ್ದೆಯಾಗಿತ್ತು. ಆದರೆ ಬಂದಾಗಿನಿಂದ ನೆಲ ನೋಡುತ್ತಿದ್ದವನು ಆಗ ಮೊದಲ ಬಾರಿ ತಲೆಯೆತ್ತಿ ಜಗಲಿಯನ್ನು ನೋಡಿದ. ನಾನು ಅದನ್ನು ಕಂಡೆ. ಅಕ್ಕ ಕಂಡದ್ದು ಒದ್ದೆ ಕೆನ್ನೆಯನ್ನು. ಮರುಂದು ಮಾತ್ರೆ ಕೊಡೋಕೆ ಬರಲ್ಲ, ಅಳಿಸೋಕೆ ಬರುತ್ತೆ ಎಂದು ನನ್ನ ಮುಂದೆ ಗೊಣಗಿದಳು.

ಪ್ರಭಾಕರನ್ ಅವರ ಔಷಧಿ ಹಿಡಿಯಿತು. ಒಂದು ತಿಂಗಳಲ್ಲಿ ವೇಲು ನಿದ್ದೆ ಮಾಡಿದ. ಎರಡು ತಿಂಗಳಲ್ಲಿ ಕರೆಯುತ್ತಿದ್ದವರು ದೂರವಾದರು. ಕೇಳುತ್ತದೆ, ಆದರೆ ಪಕ್ಕದ ಬೀದಿಯಲ್ಲಿ ಯಾರೋ ಕೂಗಿದ ಹಾಗೆ, ಎಂದನಂತೆ. ಪೊನ್ನುತಾಯಿ ಡಾಕ್ಟರಿಗೆಂದು ಬಾಳೆಲೆಯಲ್ಲಿ ಮಲ್ಲಿಗೆ ಕಟ್ಟಿ ತಂದಳು.

ಮೂರನೆಯ ತಿಂಗಳಲ್ಲಿ ಜೆಯರಾಜ್ ಬೋಡಿಗೆ ಬಂದು ಮನೆ ನೋಡುತ್ತೇನೆ ಎಂದರು. ಪೊನ್ನುತಾಯಿಗೆ ಅದು ಹಿಡಿಸಲಿಲ್ಲ. ಆಸ್ಪತ್ರೆಯ ಗಂಡಸು ಬೀದಿಗೆ ಬಂದರೆ ಮಂಡಿಯಲ್ಲಿ ಮೊರ ಹಿಡಿದ ಅರವತ್ತು ಹೆಂಗಸರಿಗೂ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ, ನಾಳೆ ತಮ್ಮನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದಳು. ಜೆಯಂತಿ ಮೇಡಂ ಗುರುವಾರ ಮಾತ್ರ ಹೆಚ್ಚು ಹೊತ್ತು ಸಿಗುತ್ತಿದ್ದರು. ಡಾಕ್ಟರ ದಿನ ಬುಧವಾರ. ಎರಡು ದಿನ ಮೂರು ಮೂರು ಬಸ್ಸು ಹತ್ತುವುದು ಅವಳಿಗೆ ಆಗದು. ಒಂದು ಗಂಟೆಯ ಬಸ್ಸು ತಪ್ಪಿದರೆ ಬತ್ತಲಗುಂಡಿನಲ್ಲಿ ಎರಡು ತಾಸು ಕಾಯಬೇಕು. ನಾನು ಮೇಷ್ಟರಾಗಿದ್ದೆನೆಂದು ತಿಳಿದ ಮೇಲೆ ಅವಳು ನನ್ನನ್ನು ವಾದ್ಯಾರೇ ಎನ್ನುತ್ತಿದ್ದಳು. ಇದನ್ನೆಲ್ಲ ಹೇಳಿ ನನ್ನ ಮೇಜಿನ ಮೇಲೆ ಕೈಯೂರಿದಳು.

"ವಾದ್ಯಾರೇ, ನೀವು ನಮ್ಮೋರು. ನಮ್ ಚೀಟಿನ ನೆಟ್ಟಗೆ ಪೆರಿಯ ಡಾಕ್ಟರ ಕಟ್ಟಿಗೇ ಹಾಕ್ಬಿಡಿ. ಮೊದಲ್ನೇ ತರದ ಕಾಯಿ ಕೈಯಾಗಿರುವಾಗ ಕೆಳಗಿಂದು ಯಾಕೆ ಆರಿಸ್ತೀರಿ?"

ಹಾಕಿದೆ. ಹಾಕಬಾರದೆಂದು ತಿಳಿದೂ ದೊಡ್ಡ ಡಾಕ್ಟರ ಚೀಟಿಗಳ ಕಟ್ಟಿಗೆ ಹಾಕಿದೆ. ನಮ್ಮವರು ಎಂಬ ಒಂದು ಮಾತಿಗೆ ನಮ್ಮ ಕಡೆ ಎಷ್ಟು ಕೆಲಸ ಸಲೀಸಾಗಿ ನಡೆದುಹೋಗುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಉಪಕಾರ ಮಾಡಿದೆನೆಂದು ನನಗೆ ಸಂತೋಷವೇ ಆಯಿತು. ಮುಂದಿನ ಒಂದು ವರ್ಷ ಪೊನ್ನುತಾಯಿಯ ಚೀಟಿ ಮೊದಲೆರಡು ಬಾಗಿಲುಗಳನ್ನು ಮುಟ್ಟಲಿಲ್ಲ. ನಾಲ್ಕನೆಯ ಬಾಗಿಲಲ್ಲಿ ಅಮುದಾ ಹೇಳುವುದನ್ನು ಕೇಳಲು ಅವಳು ನಿಲ್ಲುತ್ತಿರಲಿಲ್ಲ. ಪೊಟ್ಟಣ ತೆಗೆದುಕೊಂಡು, ಗೊತ್ತು ಗೊತ್ತು ಎಂದು ಬಸ್ಸಿಗೆ ಓಡುತ್ತಿದ್ದಳು.

ಡಾಕ್ಟರ ಕೋಣೆಯಲ್ಲಿ ಒಬ್ಬರಿಗೆ ಸಿಗುತ್ತಿದ್ದದ್ದು ಐದು ನಿಮಿಷ. ನಿದ್ದೆ ಹೇಗಿದೆ ಎಂದು ಅವರು ವೇಲುವನ್ನು ಕೇಳುತ್ತಿದ್ದರು, ಚೆನ್ನಾಗಿದೆ ಎಂದು ಅಕ್ಕ ಹೇಳುತ್ತಿದ್ದಳು. ಊಟ? ಅದಕ್ಕೂ ಅಕ್ಕನೇ. ಐದನೆಯ ತಿಂಗಳಲ್ಲಿ ವೇಲುವಿನ ಕೈ ನಡುಗತೊಡಗಿದ್ದನ್ನು ಡಾಕ್ಟರು ಗಮನಿಸಿದರು. ದೊಡ್ಡ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆ ಬರೆದರು. ಜೀಪು ಓಡಿಸುವ ಯೋಚನೆ ಸದ್ಯಕ್ಕೆ ಬೇಡವೇ ಬೇಡ ಎಂದು ಅಕ್ಕನಿಗೆ ಬೇರೆಯಾಗಿ ಹೇಳಿದರು. ಆ ಹೊತ್ತಿನಲ್ಲಿ ನಾನು ಚೀಟಿಗಳನ್ನು ಕೊಡಲು ಒಳಗೆ ಹೋಗಿದ್ದೆ, ನನ್ನ ಕಿವಿಗೂ ಬಿತ್ತು. ಬಾಗಿಲ ಹೊರಗೆ ಬಂದ ಪೊನ್ನುತಾಯಿ ತಮ್ಮನಿಗೆ ಹೇಳಿದ್ದು ಬೇರೆ. ಮಾತ್ರೆ ಸರಿಯಾಗಿ ನುಂಗಿದರೆ ಏಪ್ರಿಲಿನ ಚಿತ್ತಿರೈ ಮಾಸಕ್ಕೆ ವಂಡಿ ಕೊಡಬಹುದಂತೆ ಎಂದಳು. ಚಿತ್ತಿರೈ ಬಂದಿತು. ಆಗ ಜುಲೈಯಲ್ಲಿ ಬರುವ ಆಡಿ ಎಂದಳು. ಆಡಿ ಬಂದಾಗ ಜನವರಿಯ ತೈ ಎಂದಳು. ಅವನು ಮಾತ್ರೆ ಬಿಡದಿರಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ಅವಳಿಗಿದ್ದದ್ದು ಅವನೊಬ್ಬನೇ.

೧೯೯೮ರ ಆಗಸ್ಟಿನಲ್ಲಿ ಒಂದು ಬುಧವಾರ ಪೊನ್ನುತಾಯಿ ನೀರು ತರಲು ಹೋಗಿದ್ದಳು. ವೇಲು ಬೆಂಚಿನಿಂದ ಎದ್ದು ನನ್ನ ಮೇಜಿನ ಬಳಿಗೆ ಬಂದ. ಅವನು ತಾನಾಗಿ ಮಾತನಾಡಿದ್ದು ಅದೇ ಮೊದಲು.

"ವಾದ್ಯಾರೇ, ಒಂದ್ ಕೇಳ್ತೀನಿ, ಅಕ್ಕಂಗೆ ಹೇಳ್ಬ್ಯಾಡಿ. ತೈ ಮಾಸಕ್ಕೆ ವಂಡಿ ಓಡಿಸ್ಬೌದು ಅಂತ ಡಾಕ್ಟರು ಅಂದವ್ರಂತೆ. ನಿಜವಾ?"

ಅಕ್ಕ ನಿನಗೆ ಸುಳ್ಳು ಹೇಳುತ್ತಾಳೇನಪ್ಪ ಎಂದೆ. ಅವನು ಎರಡೂ ಕೈಗಳನ್ನು ನನ್ನ ಮೇಜಿನ ಮೇಲೆ ಚಾಚಿ ಇಟ್ಟ. ಬೆರಳುಗಳು ನಡುಗುತ್ತಿದ್ದವು.

"ಈ ಕೈ ನೋಡಿ. ಈ ಕೈಯಾಗೆ ಸ್ಟೀರಿಂಗ್ ಹಿಡಿದ್ರೆ ನಾನೇ ಆ ವಂಡಿ ಹತ್ತಲ್ಲ. ಮಂಡಿ ಹೆಂಗಸ್ರು ನನ್ನ ನೋಡಿ, ಜರಡಿ ಆಡಿಸೋಕೆ ಇವ್ನೇ ಸರಿ ಅಂತಾರೆ. ಮಾತ್ರೆ ನುಂಗಿದ್ರೆ ಕೈ ಇಲ್ಲ, ನುಂಗದಿದ್ರೆ ತಲೆ ಇಲ್ಲ. ಯಾವುದ್ ಇಟ್ಕೊಳ್ಳಿ?"

ಅಷ್ಟರಲ್ಲಿ ಪೊನ್ನುತಾಯಿ ಚೊಂಬು ಹಿಡಿದು ಬಂದಳು. ಅವನು ಬೆಂಚಿಗೆ ಹಿಂದಿರುಗಿ ಕೂತ. ಜೆಯಂತಿ ಮೇಡಂ ಅವರ ಬಾಗಿಲು ಅವನ ಬೆಂಚಿನಿಂದ ನಾಲ್ಕು ಹೆಜ್ಜೆಯ ದೂರದಲ್ಲಿ ತೆರೆದೇ ಇತ್ತು. ಒಳಗೆ ಬೇರೆ ಯಾರೂ ಇರಲಿಲ್ಲ. ಮೇಡಂ ಪತ್ರಿಕೆ ಓದುತ್ತಿದ್ದರು. ಅವನನ್ನು ಎಬ್ಬಿಸಿ ಆ ಬಾಗಿಲಿಗೆ ಕಳಿಸಬಹುದಾಗಿತ್ತು. ನಾನು ಮುಂದಿನವರ ಹೆಸರು ಕರೆದೆ.

ಆ ವರ್ಷದ ಅಕ್ಟೋಬರಿನಲ್ಲಿ ವೇಲು ಒಬ್ಬನೇ ಜೀಪಿನ ಮಾಲೀಕ ಆಂಡಿಯ ಮನೆಗೆ ಹೋದ. ತೈ ಮಾಸಕ್ಕೆ ಕೆಲಸಕ್ಕೆ ಬರುತ್ತೇನೆ, ಜೀಪನ್ನು ಬೇರೆಯವರಿಗೆ ಕೊಡಬೇಡಿ ಎಂದ. ಆಂಡಿ ಕೆಟ್ಟವನಲ್ಲ. ಒಳ್ಳೆಯ ಮಾತಿನಲ್ಲೇ ಹೇಳಿದನಂತೆ: ನಿನ್ನ ಅಕ್ಕ ಹೋದ ವರ್ಷವೇ ಬಂದು, ಇವನಿಗೆ ಯಾವತ್ತೂ ಬೀಗದ ಕೈ ಕೊಡಬೇಡಿ ಎಂದು ಕೈಮುಗಿದು ಹೋಗಿದ್ದಾಳಪ್ಪ, ಡಾಕ್ಟರೇ ಹೇಳಿದ್ದಾರಂತೆ. ವೇಲು ಸರಿ ಮಾಮ ಎಂದ. ಕೊಟ್ಟ ಕಾಫಿ ಕುಡಿದ. ಲೋಟ ತೊಳೆದಿಟ್ಟು ಹೋದ.

ಮರುದಿನ ಬೆಳಿಗ್ಗೆ ಪೊನ್ನುತಾಯಿ ಮಂಡಿಗೆ ಹೋದ ಮೇಲೆ ಅವನು ಮನೆ ಬಿಟ್ಟ. ಘಟ್ಟದ ರಸ್ತೆಯಲ್ಲಿ ಮಳೆಯಲ್ಲಿ ನಡೆದು ಹೋಗುತ್ತಿದ್ದವನನ್ನು ಕೂಲಿಯ ಜೀಪೊಂದರ ಹೆಂಗಸರು ಕಂಡರು. ಹತ್ತಿಕೋ ಎಂದು ಕರೆದರೆ ಕೈಬೀಸಿ ಮುಂದೆ ಹೋಗಿ ಎಂದನಂತೆ. ಮೂರನೆಯ ದಿನ ಒಂಬತ್ತನೆಯ ತಿರುವಿನ ಕೆಳಗೆ ಅವನ ದೇಹ ಸಿಕ್ಕಿತು. ಮಳೆಗೆ ಕಾಲು ಜಾರಿದ್ದು ಎಂದು ಪೊಲೀಸರು ಬರೆದರು. ಪೊನ್ನುತಾಯಿ ಅದಕ್ಕೆ ಹೆಬ್ಬೆಟ್ಟು ಒತ್ತಿದಳು.

ಇದೆಲ್ಲ ನನಗೆ ತಿಳಿದದ್ದು ನವೆಂಬರಿನಲ್ಲಿ, ಅವಳು ಒಬ್ಬಳೇ ಬಂದಾಗ. ಬುಧವಾರವೇ. ಸಾಲಿನಲ್ಲಿ ನಿಂತು ಸರದಿ ಬಂದಾಗ ನನ್ನ ಮುಂದೆ ಬಂದಳು. ಅಭ್ಯಾಸಬಲದಿಂದ ನಾನು ವೇಲುವಿನ ಹೆಸರು ಬರೆಯತೊಡಗಿದೆ. ಅವಳು ಚೀಟಿಯ ಮೇಲೆ ಕೈಯಿಟ್ಟು ತಡೆದಳು. ಕಂಕುಳಲ್ಲಿದ್ದ ಚೀಲದಿಂದ ಜೀಪಿನ ಸಾಮಾನು ಇಡುವ ತಗಡಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಸ್ಪ್ಯಾನರುಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಮಾತ್ರೆಗಳಿದ್ದವು. ಆಗಸ್ಟಿನಿಂದ ವೇಲು ಒಂದನ್ನೂ ನುಂಗಿರಲಿಲ್ಲ.

"ಇದನ್ನ ಯಾವ ಬಾಗಿಲಾಗೆ ತೋರಿಸ್ಬೇಕು ವಾದ್ಯಾರೇ?"

ಅವಳೇ ಡಬ್ಬಿ ಎತ್ತಿಕೊಂಡು ನಾಲ್ಕನೆಯ ಬಾಗಿಲಿಗೆ ಹೋದಳು. ನಾನೂ ಹಿಂದೆ ಹೋದೆ. ಅಮುದಾಳ ಮೇಜಿನ ಮೇಲೆ ಡಬ್ಬಿಯನ್ನಿಟ್ಟು, ಆಮೇಲೆ ಸೆರಗಿನ ಗಂಟು ಬಿಚ್ಚಿ ಇನ್ನೊಂದಷ್ಟು ಸಣ್ಣ ಪೊಟ್ಟಣಗಳನ್ನು ಇಟ್ಟಳು. ಅವನ್ನು ಬಿಚ್ಚಿರಲೇ ಇಲ್ಲ. ಐದನೆಯ ತಿಂಗಳಿನಿಂದ ಕೊಟ್ಟದ್ದೆಲ್ಲ ಹಾಗೆಯೇ ಇತ್ತು.

ಇವನ್ನೇಕೆ ಕೊಡಲಿಲ್ಲ ಅಕ್ಕ ಎಂದು ಅಮುದಾ ತಮಿಳಿನಲ್ಲಿ ಕೇಳಿದಳು. ಪೊನ್ನುತಾಯಿ ಹೇಳಿದ್ದು ಇಷ್ಟು: ಇವು ಬೇಳೆಯ ಗಾತ್ರವೂ ಇಲ್ಲ. ದೊಡ್ಡ ಮಾತ್ರೆ ಇರುವಾಗ ಈ ಪುಡಿಕಾಳು ಯಾತಕ್ಕೆ ಎಂದುಕೊಂಡೆ. ಸುಮ್ಮನೆ ಹೊಟ್ಟೆ ಕೆಡುತ್ತದೆಂದು ಎತ್ತಿಟ್ಟೆ.

ಅಮುದಾ ಆಗ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆಕೆ ಸುಳ್ಳು ಹೇಳುವ ಹೆಣ್ಣಲ್ಲ. ಪೊನ್ನುತಾಯಿಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ದೊಡ್ಡ ಮಾತ್ರೆಯಿಂದ ಬರುವ ನಡುಕವನ್ನು ನಿಲ್ಲಿಸುವುದಕ್ಕೇ ಈ ಸಣ್ಣ ಮಾತ್ರೆ ಅಕ್ಕ ಎಂದಳು.

ಪೊನ್ನುತಾಯಿ ಅಳಲಿಲ್ಲ. ಪೊಟ್ಟಣವೊಂದನ್ನು ಬಿಚ್ಚಿ ಮಾತ್ರೆಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಮಂಡಿಯಲ್ಲಿ ಕಾಯಿ ನೋಡುವಂತೆ ಬೆರಳಿನಿಂದ ಅತ್ತಿತ್ತ ಹೊರಳಿಸಿದಳು. ಬಹಳ ಹೊತ್ತು ಹೊರಳಿಸಿದಳು. ಆಮೇಲೆ ಅದನ್ನು ಮತ್ತೆ ಪೊಟ್ಟಣಕ್ಕೆ ಹಾಕಿ ಮಡಚಿದಳು.

ಅಲ್ಲಿಂದ ಅವಳು ಎರಡನೆಯ ಬಾಗಿಲಿಗೆ ಹೋದಳು. ಹದಿನಾರು ತಿಂಗಳ ಹಿಂದೆ ಆ ಕೋಣೆಯಲ್ಲಿ ತಮ್ಮ ಏನು ಹೇಳಿದ, ಏಕೆ ಅತ್ತ ಎಂದು ಕೇಳಿದಳು. ಅವನು ನನಗೆಂದು ಹೇಳಿದ್ದನ್ನು ನಾನು ಹೇಳಲಾರೆನಮ್ಮ ಎಂದರು ಜೆಯಂತಿ. ಹಳೆಯ ಕಡತವನ್ನು ಮಾತ್ರ ತೆರೆದು, ಅದರಲ್ಲಿ ಪಿನ್ನು ಹಾಕಿದ್ದ ಒಂದು ಸಣ್ಣ ಕಾರ್ಡನ್ನು ತೋರಿಸಿದರು. ಮುಂದಿನ ಗುರುವಾರ, ಹನ್ನೊಂದು ಗಂಟೆ ಎಂದು ಅದರಲ್ಲಿ ಬರೆದಿತ್ತು. ಆ ಹೊತ್ತನ್ನು ನಾನು ಗೊತ್ತುಮಾಡಲಿಲ್ಲ, ಅವನೇ ಕೇಳಿದ, ಮತ್ತೆ ಬರಬಹುದಾ ಎಂದು ಎರಡು ಸಲ ಕೇಳಿದ ಎಂದರು.

ಕಾರ್ಡನ್ನು ನನಗೆ ಕೊಡಿ ಎಂದಳು ಪೊನ್ನುತಾಯಿ. ಅವರು ಕೊಟ್ಟರು.

ಜೆಯರಾಜ್ ಕೋಣೆಯ ಮುಂದೆ ಹಾಯುವಾಗ ಅವರೇ ಎದ್ದು ಬಂದರು. ತೇನಿಯಲ್ಲಿ ಗೋಣಿಚೀಲ ಹೊಲಿಯುವ ಕಡೆ ವೇಲುವಿಗೆಂದು ಮಾತನಾಡಿಟ್ಟಿದ್ದೆ ಎನ್ನಲು ಹೊರಟವರು, ಅವಳ ಮುಖ ನೋಡಿ ನಿಲ್ಲಿಸಿದರು. ಡಾಕ್ಟರ ಕೋಣೆಗೆ ಅವಳು ಅಂದು ಹೋಗಲೇ ಇಲ್ಲ. ಒಂದು ಗಂಟೆಯ ಬಸ್ಸು ಹೊರಟುಹೋಯಿತು. ಸಂಜೆಯವರೆಗೆ ತಮ್ಮ ಕೂರುತ್ತಿದ್ದ ಬೆಂಚಿನಲ್ಲೇ ಕೂತಿದ್ದಳು. ನಾನು ಹತ್ತಿರ ಹೋಗಿ, ಚೀಟಿ ಸರಿಸಿದ್ದು ನನ್ನ ತಪ್ಪಮ್ಮ ಎಂದೆ.

"ನಾ ಕೇಳ್ದೆ, ನೀವು ಮಾಡಿದ್ರಿ" ಎಂದಳು. ಅದರಲ್ಲಿ ಕ್ಷಮೆಯೂ ಇರಲಿಲ್ಲ, ದೂರೂ ಇರಲಿಲ್ಲ. ಆ ಮಾತನ್ನು ನಾನು ಈಗಲೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಅವಳು ಬಂದಳು. ಅದರ ಮುಂದಿನ ಗುರುವಾರವೂ ಬಂದಳು. ಈ ಸಲ ಚೀಟಿಯಲ್ಲಿ ಬರೆಯಬೇಕಾಗಿದ್ದದ್ದು ಅವಳದೇ ಹೆಸರು. ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಮಂಡಿಯಲ್ಲಿ ಮೊರದ ಮುಂದೆ ಕೂತರೆ ಕಾಯಿಯ ದರ್ಜೆ ಕಣ್ಣಿಗೆ ಹತ್ತುತ್ತಿರಲಿಲ್ಲ. ಪ್ರಭಾಕರನ್ ಆರು ವಾರಗಳಿಗೆ ಮಾತ್ರೆ ಬರೆದರು. ಅಮುದಾ ಹೇಳಿದ್ದನ್ನು ಅವಳು ಎರಡು ಬಾರಿ ಹೇಳಿಸಿಕೊಂಡು, ತಾನೇ ಒಮ್ಮೆ ಒಪ್ಪಿಸಿ, ಆಮೇಲೆ ಪೊಟ್ಟಣ ತೆಗೆದುಕೊಂಡಳು. ಜೆಯರಾಜ್ ಬೋಡಿಗೆ ಹೋಗಿ ಬಂದರು. ಬೀದಿಯವರಿಗೆಲ್ಲ ಗೊತ್ತಾಯಿತು. ಜೆಯಂತಿ ಮೇಡಂ ಅವರ ಬಾಗಿಲು ಮುಚ್ಚಿಕೊಂಡ ಮೇಲೆ ಒಳಗೆ ಏನು ನಡೆಯುತ್ತಿತ್ತೋ ನನಗೆ ತಿಳಿಯದು. ಹೊರಗೆ ಬರುವಾಗ ಒಮ್ಮೊಮ್ಮೆ ಅವಳ ಕೆನ್ನೆ ಒದ್ದೆಯಾಗಿರುತ್ತಿತ್ತು.

ಅವಳು ಗುಣವಾದಳೆಂದು ನಾನು ಬರೆಯಲಾರೆ. ತೂಕ ಇಳಿದದ್ದು ಮತ್ತೆ ಏರಿಲ್ಲ. ಕೂಲಿಯ ಜೀಪಿನ ಹಾರ್ನು ಕೇಳಿದರೆ ಮಾತಿನ ನಡುವೆ ನಿಂತುಬಿಡುತ್ತಾಳೆ. ಮಂಡಿಯ ಕೆಲಸಕ್ಕೆ ಮರಳಿದ್ದಾಳೆ, ವಾರಕ್ಕೆ ಐದು ದಿನ. ಆರನೆಯ ದಿನ ಬುಧವಾರ, ಅವಳು ದಿಂಡಿಗಲ್ಲಿನಲ್ಲಿರುತ್ತಾಳೆ. ಯಾರೂ ಕರೆದದ್ದಲ್ಲ. ಮೂರು ಬಸ್ಸು ಹತ್ತಿ ಬಂದು ನನ್ನ ಮೇಜಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಾಳೆ. ನಾನು ಬರೆದ ಚೀಟಿಗಳು ಅವಳ ಕೈ ದಾಟಿಯೇ ಮುಂದೆ ಹೋಗಬೇಕು.

ನಾಲ್ಕು ಬಾಗಿಲುಗಳನ್ನು ಹೊಸಬರಿಗೆ ವಿವರಿಸುವ ಕೆಲಸ ಈಗ ನನ್ನದಲ್ಲ. ಅವಳ ವಿವರಣೆ ಗಿಡದಿಂದ ಶುರುವಾಗುತ್ತದೆ. ತೋಟದಲ್ಲಿ ಏಲಕ್ಕಿ ಕೀಳುವವರು ಒಬ್ಬರು, ಒಲೆಮನೆಯಲ್ಲಿ ಒಣಗಿಸುವವರು ಒಬ್ಬರು, ಜರಡಿ ಹಿಡಿಯುವವರು ಒಬ್ಬರು, ಆಯುವವರು ಒಬ್ಬರು. ಒಣಗಿಸದೆ ಆಯಲು ಕೂತರೆ ನಾಲ್ಕು ದಿನಕ್ಕೆ ಕಾಯಿ ಕೊಳೆಯುತ್ತದೆ. ಇಲ್ಲಿಯೂ ಹಾಗೆಯೇ, ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ ಎನ್ನುತ್ತಾಳೆ. ಎಂಟು ಮಿಲ್ಲಿಯ ಮಾತನ್ನು ಆಡುವುದಿಲ್ಲ. ವೇಲುವಿನ ಮಾತನ್ನೂ ಆಡುವುದಿಲ್ಲ. ಆ ಕಾರ್ಡು ಅವಳ ರವಿಕೆಯೊಳಗಿನ ಪರ್ಸಿನಲ್ಲಿದೆ. ಬಸ್ಸಿನ ಟಿಕೆಟು ತೆಗೆಯುವಾಗ ಒಮ್ಮೆ ಕಂಡೆ.

ಹೋದ ಬುಧವಾರ ಚಿನ್ನಮನೂರಿನ ಕಡೆಯ ರೈತರೊಬ್ಬರು ಹದಿನೆಂಟು ವರ್ಷದ ಮಗಳು ವಳ್ಳಿಯನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಎರಡು ತಿಂಗಳಿನಿಂದ ಸರಿಯಾಗಿ ಉಂಡಿರಲಿಲ್ಲ, ಮಾತು ಬಿಟ್ಟಿದ್ದಳು. ತಂದೆ ನನ್ನ ಮಾತಿನ ಧಾಟಿ ಕೇಳಿ ಗುರುತು ಹಿಡಿದರು. ನಮ್ಮ ಮಾತಿನಲ್ಲೇ, ಮೆಲ್ಲಗೆ, ಊರಿಗೆ ಬೇಗ ಹೋಗಬೇಕಣ್ಣ, ನೇರವಾಗಿ ದೊಡ್ಡ ಡಾಕ್ಟರ ಹತ್ತಿರ ಬಿಟ್ಟುಬಿಡಿ ಎಂದರು. ನನ್ನ ಕೈ ಚೀಟಿಯ ಮೇಲೆ ಒಂದು ಗಳಿಗೆ ನಿಂತಿತು. ಪೊನ್ನುತಾಯಿ ನನ್ನನ್ನು ನೋಡಲೂ ಇಲ್ಲ. ಚೀಟಿಯನ್ನು ನನ್ನ ಬೆರಳಿನ ಕೆಳಗಿನಿಂದ ಎಳೆದುಕೊಂಡು ಮೊದಲ ಬಾಗಿಲಿನ ಕಟ್ಟಿಗೆ ಹಾಕಿದಳು.

ಮೊದಲ ಬಾಗಿಲು ಮುಗಿದ ಮೇಲೆ ಅವಳೇ ಎದ್ದು ಹುಡುಗಿಯನ್ನು ಎರಡನೆಯ ಬಾಗಿಲವರೆಗೆ ನಡೆಸಿಕೊಂಡು ಹೋದಳು. ಮಣಿಕಟ್ಟು ಹಿಡಿಯಲಿಲ್ಲ. ಪಕ್ಕದಲ್ಲಿ ನಡೆದಳು, ಅಷ್ಟೆ. ಜೆಯಂತಿ ಮೇಡಂ ಬಾಗಿಲು ತೆರೆದರು. ಹುಡುಗಿ ಒಳಗೆ ಹೋದಳು. ಹಿಂದೆಯೇ ಒಳಗೆ ಕಾಲಿಟ್ಟ ತಂದೆಯ ಎದುರಿಗೆ ಪೊನ್ನುತಾಯಿ ಹೊಸ್ತಿಲಿಗೆ ಅಡ್ಡವಾಗಿ ನಿಂತಳು.

"ನೀವು ಹೊರಗಿರಿ ಮಾಮ" ಎಂದಳು. "ಅವಳೇ ಹೇಳ್ಲಿ."

ಆಮೇಲೆ ಬಾಗಿಲನ್ನು ಎಳೆದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಜಗಲಿಯ ನೆಲದ ಮೇಲೆ ಕೂತಳು.